ತಿಂಗಳಿಗೆ ಐನೂರು ರೂಪಾಯಿಯ ಸರ್ವರ್: ಯಾವ ಕೆಲಸಕ್ಕೆ, ಹೇಗೆ

ಹೋದ ಡಿಸೆಂಬರಿನಲ್ಲಿ ಅಪ್ಪ ಮೈಸೂರಿನ ಅಕ್ಕನ ಮನೆಗೆ ಬಂದಿದ್ದರು. ಸಾಗರದ ಹತ್ತಿರ ನಮ್ಮೂರ ಮನೆಯಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ನನಗೆ ಫೋನ್: "ಊರ ಕಡೆ ಮೋಡ ಹಾಕಿದೆಯಂತೆ ಕಣೋ. ಮೊಬೈಲಲ್ಲಿ ನೋಡೋಣ ಅಂದ್ರೆ ಅಂಗಳವೇ ಕಾಣ್ತಿಲ್ಲ." ಕ್ಯಾಮೆರಾ ಕೆಟ್ಟಿರಲಿಲ್ಲ, ಮನೆಯ ಇಂಟರ್ನೆಟ್ಟೂ ನಡೀತಿತ್ತು. ಆದರೆ ಕ್ಯಾಮೆರಾ ಕಂಪನಿಯವರ ಆ್ಯಪ್ ಯಾವ ಸರ್ವರ್ ದಾಟಿಕೊಂಡು ಊರಿಗೆ ಹೋಗಬೇಕೋ ಅದೇ ಅವತ್ತು ಮಲಗಿತ್ತು. ಪಕ್ಕದ ಮನೆಯವರು ಟಾರ್ಪಾಲು ಹೊದಿಸಿ ಅಡಿಕೆ ಉಳಿಸಿದರು. ಆ ಶನಿವಾರ ನಾನು ಊರಿಗೆ ಹೋಗಿ, ಬಾಡಿಗೆಗೆ ಹಿಡಿದು ಸುಮ್ಮನೆ ಇಟ್ಟುಕೊಂಡಿದ್ದ ಸಣ್ಣ ಸರ್ವರಿಗೆ ಕೊನೆಗೂ ಒಂದು ಕೆಲಸ ಹಚ್ಚಿದೆ.

ಐಟಿಯಲ್ಲಿರುವ ಬಹಳ ಜನರ ಹತ್ತಿರ ಇಂಥದೊಂದು ಸರ್ವರ್ ಇರುತ್ತದೆ. ಆಫರ್ ಇದೆಯೆಂದು ತಗೊಂಡಿರುತ್ತಾರೆ, ಎರಡು ವಾರಾಂತ್ಯ ಆಟವಾಡಿರುತ್ತಾರೆ, ಆಮೇಲೆ ಕಾರ್ಡಿನಿಂದ ದುಡ್ಡು ಕಡಿತವಾದಾಗ ಮಾತ್ರ ನೆನಪಾಗುತ್ತದೆ. ತಪ್ಪು ಎಲ್ಲಿ ಅಂದರೆ, ಅದನ್ನು ಸಣ್ಣ ಕಂಪ್ಯೂಟರ್ ಎಂದು ನೋಡುವುದರಲ್ಲಿ. ಒಂದು ಕೋರ್, 1 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್: ಕಂಪ್ಯೂಟರ್ ಆಗಿ ನೋಡಿದರೆ ನಿಮ್ಮ ಜೇಬಿನಲ್ಲಿರುವ ಫೋನೇ ಇದಕ್ಕಿಂತ ಗಟ್ಟಿ. ಆದರೆ ನಿಮ್ಮ ಲ್ಯಾಪ್‌ಟಾಪಿಗೂ ಮನೆಯ ಹಳೇ ಪಿಸಿಗೂ ಇಲ್ಲದ ಎರಡು ಗುಣ ಇದಕ್ಕಿದೆ. ಹೊರಗಿನಿಂದ ನೇರವಾಗಿ ತಲುಪಬಹುದಾದ ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್ಟಿನಲ್ಲಿ ತನ್ನದೇ ಆದ ವಿಳಾಸ ಇದೆ. ಮತ್ತೆ, ಅದು ಮಲಗುವುದಿಲ್ಲ. ಈ ಎರಡರಲ್ಲಿ ಒಂದಾದರೂ ಬೇಕಾಗುವ ಕೆಲಸ ನಿಮ್ಮಲ್ಲಿದ್ದರೆ ಸರ್ವರ್ ತಗೊಳ್ಳಿ. ಇಲ್ಲದಿದ್ದರೆ ಆ ಐನೂರು ರೂಪಾಯಿಗೆ ಬೇರೆ ದಾರಿ ಇದೆ.

ಕೊಳ್ಳುವಾಗ ನೋಡಬೇಕಾದ್ದು

ಬೆಲೆಗಿಂತ ಮೊದಲು ಜಾಗ ನೋಡಿ. ಡಿಜಿಟಲ್‌ಓಷನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ. ವಲ್ಟರ್‌ಗೆ ಬೆಂಗಳೂರು, ಮುಂಬೈ, ದೆಹಲಿ ಮೂರೂ ಕಡೆ ಇದೆ. ಅಮೆಜಾನಿನ ಲೈಟ್‌ಸೇಲ್ ಮತ್ತು ಅಕಮೈ ಕೊಂಡುಕೊಂಡ ಲಿನೋಡ್ ಎರಡೂ ಮುಂಬೈಯಲ್ಲಿ ಸಿಗುತ್ತವೆ. ಜರ್ಮನಿಯ ಹೆಟ್ಜ್ನರ್ ಅಗ್ಗವೇನೋ ಹೌದು, ಆದರೆ ಬೆಂಗಳೂರಿನಿಂದ ಅಲ್ಲಿಗೆ ಪ್ಯಾಕೆಟ್ ಹೋಗಿ ಬರಲು 150 ಮಿಲಿಸೆಕೆಂಡ್ ಆಸುಪಾಸು ಬೇಕು. ಬ್ಯಾಕಪ್ಪಿಗೆ, ರಾತ್ರಿಯ ಸ್ಕ್ರಿಪ್ಟಿಗೆ ಅದು ಏನೂ ಅಲ್ಲ. ಟರ್ಮಿನಲ್ಲಿನಲ್ಲಿ ಟೈಪ್ ಮಾಡುತ್ತ ಕೂತರೆ ಮಾತ್ರ ಅಕ್ಷರ ಬೆರಳಿನ ಹಿಂದೆ ಓಡಿಬರುವುದು ಗೊತ್ತಾಗುತ್ತದೆ.

ಎರಡನೆಯದು, ವರ್ಚುವಲೈಸೇಶನ್, ಅಂದರೆ ಒಂದು ದೊಡ್ಡ ಯಂತ್ರವನ್ನು ಹಲವರಿಗೆ ಹಂಚುವ ಬಗೆ ಯಾವುದು ಎಂಬುದು. ಪ್ರತಿಯೊಬ್ಬರಿಗೂ ಪ್ರತ್ಯೇಕ ಕಂಪ್ಯೂಟರಿನಂತೆ ಕೊಡುವ ಕೆವಿಎಂ ಇರಲಿ. ತೀರಾ ಅಗ್ಗದ ಕೆಲವು ಕಡೆ ಈಗಲೂ ಓಪನ್‌ವಿಜೆಡ್ ತರಹದ ಕಂಟೇನರ್ ಕೊಡುತ್ತಾರೆ. ಅಲ್ಲಿ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ನಿಮ್ಮದಲ್ಲ, ಸ್ವಾಪ್ (ರ್‍ಯಾಮ್ ತುಂಬಿದಾಗ ಬಳಸುವ ಡಿಸ್ಕಿನ ಜಾಗ) ನಿಮ್ಮಿಷ್ಟದಂತೆ ಸೇರಿಸಲಾಗದು, ಮುಂದೆ ಹೇಳುವ ಸುರಂಗಕ್ಕೆ ಬೇಕಾದ ವೈರ್‌ಗಾರ್ಡ್ ಮಾಡ್ಯೂಲ್ ಅವರು ಕೊಟ್ಟರೆ ಉಂಟು. ಕೆವಿಎಂ ಆದರೂ ಇದು ವಠಾರದ ಮನೆಯೇ ಅನ್ನುವುದು ನೆನಪಿರಲಿ. ಪಕ್ಕದವರು ನಲ್ಲಿ ಬಿಟ್ಟರೆ ನಿಮ್ಮಲ್ಲಿ ನೀರು ಸಣ್ಣಗಾಗುತ್ತದೆ. ಸರ್ವರಿನಲ್ಲಿ ಟಾಪ್ ಎಂಬ ಕಮಾಂಡ್ ಓಡಿಸಿ, ಸಿಪಿಯು ಸಾಲಿನ ಕೊನೆಯಲ್ಲಿ 'ಎಸ್‌ಟಿ' ಅನ್ನುವ ಅಂಕಿ ನೋಡಿ. ಅದು ಪಕ್ಕದವರಿಗೆ ಹೋದ ನಿಮ್ಮ ಸಮಯ. ಸದಾ ಎರಡಂಕಿಯಲ್ಲೇ ಇದ್ದರೆ ಮನೆ ಬದಲಾಯಿಸಿ.

ಇಂಟರ್ನೆಟ್ ವಿಳಾಸದ ಹೊಸ ಬಗೆಯಾದ ಐಪಿವಿ6 ಮಾತ್ರ ಇರುವ ಪ್ಲಾನ್‌ಗಳು ಇನ್ನೂ ಅಗ್ಗ. ಮನೆ ತಲುಪುವ ಕೆಲಸಕ್ಕೆ ಅವು ಬೇಡ. ನೀವು ಕೂತಿರುವ ಹೋಟೆಲಿನ ವೈಫೈಯಲ್ಲಿ ಐಪಿವಿ6 ಇಲ್ಲದಿದ್ದರೆ ಅಲ್ಲಿಗೆ ಕತೆ ಮುಗಿಯಿತು.

ಇನ್ನು ದುಡ್ಡು. ಪರದೆಯ ಮೇಲೆ 5 ಡಾಲರ್ ಅಂತಿರುತ್ತದೆ. ಡಾಲರಿಗೆ 88 ರೂಪಾಯಿ ಹಿಡಿದರೆ 440. ಮೇಲೆ ಶೇ. 18 ಜಿಎಸ್‌ಟಿ ಸೇರಿ 519. ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಶೇ. 3.5 ಎಂದಿಟ್ಟುಕೊಂಡರೆ 540ರ ಹತ್ತಿರ. ಆಟೋ ಪಾವತಿ ಎಡವುವುದು ಇನ್ನೊಂದು ತಲೆನೋವು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗಲು ಇ-ಮ್ಯಾಂಡೇಟ್ ಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ವ್ಯವಸ್ಥೆ ಮಾಡಿಕೊಳ್ಳದ ವಿದೇಶಿ ಕಂಪನಿಗಳ ಬಿಲ್ ನಮ್ಮ ಕಾರ್ಡುಗಳಲ್ಲಿ ಸದ್ದಿಲ್ಲದೆ ಫೇಲ್ ಆಗುತ್ತದೆ. ಮೊದಲೇ ಬ್ಯಾಲೆನ್ಸ್ ತುಂಬಿಸಿಡುವ ಸೌಲಭ್ಯವಿದ್ದರೆ ಮೂರು ತಿಂಗಳದ್ದು ತುಂಬಿಸಿ. ಮೂರೇ ತಿಂಗಳದ್ದು! ಒಮ್ಮೆ ವರ್ಷದ ದುಡ್ಡು ಒಟ್ಟಿಗೆ ಕೊಟ್ಟರೆ ಅರ್ಧ ಬೆಲೆ ಎಂದು ಒಂದು ಸಣ್ಣ ಕಂಪನಿಗೆ ಕಟ್ಟಿದ್ದೆ. ಏಳನೇ ತಿಂಗಳಿಗೆ ಅವರ ವೆಬ್‌ಸೈಟೇ ತೆರೆಯಲಿಲ್ಲ.

ಹೆಸರು, ವಿಳಾಸ, ಗುರುತಿನ ಚೀಟಿ ಕೇಳಿದರೆ ಗಾಬರಿ ಬೇಡ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ವಿಪಿಎಸ್, ಅಂದರೆ ಇಂಥ ಬಾಡಿಗೆ ಸರ್ವರ್ ಕೊಡುವವರು ಗ್ರಾಹಕರ ವಿವರಗಳನ್ನು, ಸೇವೆ ನಿಂತ ಮೇಲೂ, ಐದು ವರ್ಷ ಇಟ್ಟುಕೊಳ್ಳಬೇಕು.

ಮೊದಲ ಅರ್ಧ ಗಂಟೆ

ಆಪರೇಟಿಂಗ್ ಸಿಸ್ಟಮ್ಮಿಗೆ ಲಿನಕ್ಸಿನ ಉಬುಂಟು 24.04 ಅಥವಾ ಡೆಬಿಯನ್, ನಿಮ್ಮ ಕೈ ಓಡುವುದು ಯಾವುದರಲ್ಲೋ ಅದು. ಸರ್ವರ್ ಸೃಷ್ಟಿಸುವ ಪುಟದಲ್ಲೇ ನಿಮ್ಮ ಇಡಿ25519 ಬಗೆಯ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಪಾಸ್‌ವರ್ಡಿನ ಬದಲಿನ ಕೀಲಿ) ಜೋಡಿಯ ಪಬ್ಲಿಕ್ ಭಾಗ ಅಂಟಿಸಿ. ಸರ್ವರ್ ಎದ್ದ ಕೆಲವೇ ನಿಮಿಷಗಳಲ್ಲಿ ಯಾರ್‍ಯಾರೋ ಬಂದು ರೂಟ್, ಅಡ್ಮಿನ್ ಎಂದು ಬಾಗಿಲು ತಟ್ಟುವುದನ್ನು ಲಾಗಿನಲ್ಲಿ ನೋಡಬಹುದು. ನಿಮ್ಮ ಮೇಲೆ ಅವರಿಗೇನೂ ದ್ವೇಷವಿಲ್ಲ, ಎಲ್ಲರ ಬಾಗಿಲನ್ನೂ ತಟ್ಟುತ್ತಾರೆ.

ಬೇರೆ ಯೂಸರ್ ಮಾಡಿ, ಸುಡೋ (ಅಡ್ಮಿನ್ ಅಧಿಕಾರ) ಕೊಡಿ, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಎಸ್‌ಎಸ್‌ಎಚ್‌ಡಿ (ಸರ್ವರಿನಲ್ಲಿ ಈ ಲಾಗಿನ್ ನೋಡಿಕೊಳ್ಳುವ ತಂತ್ರಾಂಶ) ಕಾನ್ಫಿಗ್ ಫೈಲಿನಲ್ಲಿ ಪಾಸ್‌ವರ್ಡ್ ಅಥೆಂಟಿಕೇಶನ್ ಸಾಲಿಗೆ 'ನೋ' ಬರೆದು ಆಯಿತು ಅಂದುಕೊಳ್ಳುತ್ತಾರೆ. ಆದರೆ ಕ್ಲೌಡ್ ಇಮೇಜುಗಳಲ್ಲಿ ಪಕ್ಕದ ಕಾನ್ಫಿಗ್ ಫೋಲ್ಡರಿನೊಳಗೆ ಸರ್ವರನ್ನು ಮೊದಲ ಸಲ ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಹಾಕಿದ 50ರಿಂದ ಶುರುವಾಗುವ ಒಂದು ಸಣ್ಣ ಫೈಲ್ ಇರಬಹುದು, ಅದರಲ್ಲಿ 'ಯೆಸ್' ಇರಬಹುದು. ಎಸ್‌ಎಸ್‌ಎಚ್‌ಡಿ ಮೊದಲು ಓದಿದ ಮಾತನ್ನೇ ನಂಬುತ್ತದೆ, ಮತ್ತು ಆ ಫೋಲ್ಡರನ್ನೇ ಮೊದಲು ಓದುತ್ತದೆ. ಆದ್ದರಿಂದ ಫೈಲ್ ನೋಡಿ ಸಮಾಧಾನಪಡಬೇಡಿ. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ 'ಟಿ' ಆಯ್ಕೆ ಕೊಟ್ಟು ಓಡಿಸಿದರೆ ನಿಜವಾಗಿ ಯಾವುದು ಜಾರಿಯಲ್ಲಿದೆ ಎಂದು ಅದೇ ಹೇಳುತ್ತದೆ. ಇದೆಲ್ಲ ಮಾಡುವಾಗ ಹಳೇ ಕಿಟಕಿ ಮುಚ್ಚಬೇಡಿ. ಹೊಸ ಕಿಟಕಿಯಿಂದ ಒಳಬರಲು ಆಯಿತೆಂದು ಖಾತ್ರಿಯಾದ ಮೇಲೆ ಮುಚ್ಚಿ.

ಆಮೇಲೆ ಯುಎಫ್‌ಡಬ್ಲ್ಯು ಫೈರ್‌ವಾಲ್. ಮೊದಲು ಎಸ್‌ಎಸ್‌ಎಚ್ ಬರುವ 22ನೇ ಪೋರ್ಟಿಗೆ ಅನುಮತಿ, ನಂತರ ಎನೇಬಲ್. ಕ್ರಮ ತಪ್ಪಿದರೆ ನಿಮ್ಮ ಮನೆಗೆ ನೀವೇ ಹೊರಗಿನಿಂದ ಬೀಗ ಹಾಕಿದಂತೆ, ಕಂಪನಿಯ ಪ್ಯಾನೆಲ್ಲಿನ ವೆಬ್ ಕನ್ಸೋಲ್ ಹಿಡಿದು ಒಳಬರಬೇಕು. ಅಪ್‌ಡೇಟುಗಳನ್ನು ತಾನಾಗಿ ಹಾಕುವ ಅನಟೆಂಡೆಡ್-ಅಪ್‌ಗ್ರೇಡ್ಸ್ ಓಡುತ್ತಿದೆಯೇ ನೋಡಿ, ನಸುಕಿನ ನಾಲ್ಕಕ್ಕೆ ತಾನೇ ರೀಬೂಟ್ ಆಗುವಂತೆಯೂ ಹೇಳಿಡಿ. ಇಲ್ಲದಿದ್ದರೆ ಹೊಸ ಕರ್ನಲ್ ಡಿಸ್ಕಿನಲ್ಲಿರುತ್ತದೆ, ಓಡುವುದು ಹಳೆಯದೇ. 1 ಜಿಬಿ ಸ್ವಾಪ್ ಫೈಲ್ ಸೇರಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಇಲ್ಲಿ ಅಕ್ಷರಶಃ ನಿಜ. ರ್‍ಯಾಮ್ ಮುಗಿದರೆ ಕರ್ನಲ್ ಯಾರನ್ನಾದರೂ ಬಲಿ ತೆಗೆದುಕೊಳ್ಳುತ್ತದೆ, ಹೆಚ್ಚಾಗಿ ಡೇಟಾಬೇಸನ್ನೇ.

ಟೈಮ್‌ಝೋನನ್ನು ಏಷ್ಯಾ/ಕೋಲ್ಕತ್ತಾ ಮಾಡಿಕೊಳ್ಳಿ. ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ಬೆಳಿಗ್ಗೆ 9ರ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ನಮಗೆ ಮಧ್ಯಾಹ್ನ ಎರಡೂವರೆಗೆ ಓಡುತ್ತದೆ.

ಮನೆಗೊಂದು ಸುರಂಗ

ಇನ್ನು ಅಪ್ಪನ ಅಂಗಳದ ವಿಷಯ. ಮನೆಯ ಬ್ರಾಡ್‌ಬ್ಯಾಂಡಿಗೆ ಹೊರಗಿನಿಂದ ನೇರ ದಾರಿ ಏಕಿಲ್ಲ ಅಂದರೆ, ಬಹುಪಾಲು ಕಡೆ ಈಗ ಸಿಜಿನ್ಯಾಟ್. ನೂರಾರು ಮನೆಗೆ ಒಂದೇ ಪಬ್ಲಿಕ್ ಐಪಿ. ಪರೀಕ್ಷೆ ಸುಲಭ: ರೌಟರಿನ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ಮನೆಯೊಳಗಿನ ಯಂತ್ರಕ್ಕೆ ತಿರುಗಿಸುವುದು) ಎಷ್ಟು ಮಾಡಿದರೂ ಉಪಯೋಗವಿಲ್ಲ. ಉಪಯೋಗವಾದರೂ ಮಾಡಬೇಡಿ ಅನ್ನುತ್ತೇನೆ. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಕಳ್ಳರ ಕೈಗೆ ಸಿಕ್ಕ ಯಂತ್ರಗಳ ಪಡೆ) ಇಂಟರ್ನೆಟ್ಟನ್ನು ಅಲ್ಲಾಡಿಸಿದ್ದು ಹೀಗೆ ಬಯಲಲ್ಲಿ ಬಿದ್ದಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನೇ (ಕ್ಯಾಮೆರಾ ದೃಶ್ಯ ಉಳಿಸಿಡುವ ಪೆಟ್ಟಿಗೆ) ಹಿಡಿದು.

ಬದಲಿಗೆ ಮನೆಯೊಳಗಿನ ಒಂದು ಯಂತ್ರವೇ ಸರ್ವರಿಗೆ ಕರೆ ಮಾಡಿ ಆ ಕರೆಯನ್ನು ಹಿಡಿದುಕೊಂಡಿರಲಿ. ಅದಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೇ ನಿಮ್ಮ ಯಂತ್ರಗಳ ನಡುವೆ ಗುಪ್ತ ಸುರಂಗ. 2020ರ ಲಿನಕ್ಸ್ 5.6ರಿಂದ ಕರ್ನಲ್ಲಿನೊಳಗೇ ಇದೆ. 1 ಜಿಬಿ ಸರ್ವರಿಗೆ ಇದು ಭಾರವೇ ಅಲ್ಲ. ಊರಮನೆಯಲ್ಲಿ ಡಿವಿಆರ್ ಪಕ್ಕ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಇಟ್ಟೆ. ಹಳೇ ಲ್ಯಾಪ್‌ಟಾಪ್ ಆದರೂ ಆಗುತ್ತದೆ.

1. ಸರ್ವರ್, ಪೈ, ಫೋನ್ ಮೂರರಲ್ಲೂ ವೈರ್‌ಗಾರ್ಡ್ ಹಾಕಿ. ಕೀ ಜೋಡಿಯನ್ನು ಆಯಾ ಯಂತ್ರದಲ್ಲೇ ಹುಟ್ಟಿಸಿ. ಪ್ರೈವೇಟ್ ಕೀ ಹುಟ್ಟಿದ ಯಂತ್ರ ಬಿಟ್ಟು ಹೋಗಬಾರದು, ವಾಟ್ಸ್‌ಆ್ಯಪಿನಲ್ಲಂತೂ ಖಂಡಿತ ಅಲ್ಲ.

2. ಸುರಂಗದೊಳಗಿನ ವಿಳಾಸ ಹಂಚಿ: ಸರ್ವರಿಗೆ 10.8.0.1, ಪೈಗೆ 10.8.0.2, ಅಪ್ಪನ ಫೋನಿಗೆ 10.8.0.3. ಸರ್ವರಿನ ಫೈರ್‌ವಾಲಿನಲ್ಲಿ ಯುಡಿಪಿ 51820 ತೆರೆಯಿರಿ. ಕಂಪನಿಯ ಪ್ಯಾನೆಲ್ಲಿನಲ್ಲಿ ಬೇರೆ ಫೈರ್‌ವಾಲ್ ಇದ್ದರೆ ಅಲ್ಲೂ.

3. 'ಅಲೌಡ್ ಐಪೀಸ್' ಸಾಲನ್ನು ನಿಧಾನವಾಗಿ ಬರೆಯಿರಿ. ಹೋಗುವಾಗ ಅದು ದಾರಿ, ಬರುವಾಗ ಅದು ಕಾವಲುಗಾರ. ಸರ್ವರಿನಲ್ಲಿ ಪೈಯ ಎದುರು 10.8.0.2 ಜೊತೆಗೆ ಮನೆಯ ಇಡೀ ನೆಟ್‌ವರ್ಕಿನ ವಿಳಾಸವನ್ನೂ ಬರೆಯಬೇಕು. ಫೋನಿನಲ್ಲಿ ಸುರಂಗದ ವಿಳಾಸಗಳು ಮತ್ತು ಮನೆಯ ನೆಟ್‌ವರ್ಕ್, ಇಷ್ಟೇ. ಅಲ್ಲಿ 0.0.0.0/0 (ಅಂದರೆ ಎಲ್ಲ ವಿಳಾಸವೂ) ಬರೆದರೆ ಅಪ್ಪ ನೋಡುವ ಯಕ್ಷಗಾನದ ವೀಡಿಯೊ ಎಲ್ಲಾ ನಿಮ್ಮ ಸರ್ವರ್ ಸುತ್ತಿಕೊಂಡೇ ಹೋಗುತ್ತದೆ.

4. ಸರ್ವರಿನಲ್ಲೂ ಪೈಯಲ್ಲೂ ಐಪಿ ಫಾರ್ವರ್ಡಿಂಗ್ (ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವುದು) ಆನ್ ಮಾಡಿ. ಅಷ್ಟೇ ಸಾಲದು. ಯುಎಫ್‌ಡಬ್ಲ್ಯು ಮೂಲದಲ್ಲೇ ಫಾರ್ವರ್ಡ್ ಪ್ಯಾಕೆಟ್ಟುಗಳನ್ನು ಬೀಳಿಸುತ್ತದೆ. ಸುರಂಗದಿಂದ ಬಂದು ಸುರಂಗಕ್ಕೇ ಹೋಗುವುದಕ್ಕೆ ಪ್ರತ್ಯೇಕವಾಗಿ 'ರೌಟ್' (ದಾಟಿಹೋಗುವ) ಅನುಮತಿ ಕೊಡಬೇಕು.

5. ಪೈಯಲ್ಲಿ ಮಾಸ್ಕರೇಡ್ ನಿಯಮ ಹಾಕಿ. ಡಿವಿಆರ್‌ಗೆ 10.8.0.3 ಎಂದರೆ ಯಾರೋ ಗೊತ್ತಿಲ್ಲ. ಉತ್ತರವನ್ನು ರೌಟರಿಗೆ ಕಳಿಸುತ್ತದೆ, ರೌಟರಿಗೂ ಗೊತ್ತಿರುವುದಿಲ್ಲ. ಮಾಸ್ಕರೇಡ್ ಇದ್ದರೆ ಎಲ್ಲ ಪ್ರಶ್ನೆಯೂ ಪೈಯೇ ಕೇಳಿದಂತೆ ಕಾಣುತ್ತದೆ.

6. ಪೈಯ ಕಡೆ 'ಪರ್ಸಿಸ್ಟೆಂಟ್ ಕೀಪ್‌ಅಲೈವ್' (ಸಂಪರ್ಕ ಜೀವಂತವಿಡಲು ಆಗಾಗ ಕಳಿಸುವ ಖಾಲಿ ಪ್ಯಾಕೆಟ್) 25 ಸೆಕೆಂಡ್ ಇಡಿ. ಇದಿಲ್ಲದಿದ್ದರೆ ಸಿಜಿನ್ಯಾಟ್ ಸ್ವಲ್ಪ ಹೊತ್ತಿನಲ್ಲೇ ನಿಮ್ಮನ್ನು ಮರೆಯುತ್ತದೆ. ಸರ್ವರಿನ ವಿಳಾಸ ಬರೆಯುವಾಗ ಡೊಮೇನ್ ಹೆಸರು ಬೇಡ, ಐಪಿ ಅಂಕಿಯನ್ನೇ ಬರೆಯಿರಿ. ನಮ್ಮೂರಲ್ಲಿ ಕರೆಂಟ್ ಹೋಗಿ ಬಂದಾಗ ಪೈ ರೌಟರಿಗಿಂತ ಮೊದಲು ಏಳುತ್ತದೆ. ಆಗ ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್ಎಸ್ ಸಿಗುವುದಿಲ್ಲ, ಹೆಸರು ಬರೆದಿದ್ದರೆ ಸುರಂಗ ಎದ್ದೇಳುವುದೇ ಇಲ್ಲ.

7. ಬೂಟ್ ಆದಾಗ ತಾನೇ ಶುರುವಾಗುವಂತೆ ಸರ್ವಿಸ್ ಎನೇಬಲ್ ಮಾಡಿ. ಡಬ್ಲ್ಯುಜಿ ಶೋ ಎಂಬ ಕಮಾಂಡ್ ಓಡಿಸಿ, ಕೊನೆಯ ಹ್ಯಾಂಡ್‌ಶೇಕ್ ಎಷ್ಟು ಸೆಕೆಂಡ್ ಹಿಂದೆ ಆಯಿತು ನೋಡಿ. ಆ ಸಾಲೇ ಇಲ್ಲದಿದ್ದರೆ ಕೀ ಅದಲುಬದಲಾಗಿದೆ ಅಥವಾ ಪೋರ್ಟ್ ಮುಚ್ಚಿದೆ. ವೈರ್‌ಗಾರ್ಡ್ ಗುರುತಿಲ್ಲದವರ ಜೊತೆ ಮಾತೇ ಆಡುವುದಿಲ್ಲವಾದ್ದರಿಂದ ಎರರ್ ಮೆಸೇಜು ನಿರೀಕ್ಷಿಸಬೇಡಿ.

ಇಷ್ಟಾದ ಮೇಲೂ ನನಗೆ ಎರಡು ಕಡೆ ಪೆಟ್ಟು ಬಿತ್ತು. ಅಕ್ಕನ ಲ್ಯಾಪ್‌ಟಾಪಿನಲ್ಲಿ ಸುರಂಗ ಹಾಕಿಕೊಟ್ಟೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅಂಗಳ ಕಾಣುತ್ತದೆ, ಅವಳ ಮನೆಯ ವೈಫೈಯಲ್ಲಿ ಕಾಣುವುದಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಊರಮನೆಯೂ 192.168.1, ಅಕ್ಕನ ಮನೆಯೂ 192.168.1. ರೌಟರ್ ಬಂದಾಗ ಹೇಗಿತ್ತೋ ಹಾಗೇ ಎರಡೂ ಕಡೆ ಬಿಟ್ಟಿದ್ದೆವು. ಲ್ಯಾಪ್‌ಟಾಪಿಗೆ ಒಂದೇ ವಿಳಾಸದ ಎರಡು ಬೀದಿ. ಊರಿನ ರೌಟರನ್ನು 192.168.77ಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ನೀವು ಇದನ್ನು ಮೊದಲೇ ಬದಲಿಸಿ, ಡಿವಿಆರ್‌ಗೆ ಸ್ಥಿರ ಐಪಿ ಕೊಟ್ಟು, ಆಮೇಲೆ ಸುರಂಗ ತೋಡಿ.

ಎರಡನೆಯ ಪೆಟ್ಟು: ಪಿಂಗ್ ಬರುತ್ತದೆ, ಡಿವಿಆರ್‌ನ ಲಾಗಿನ್ ಪುಟ ಮಾತ್ರ ಅರ್ಧ ತೆರೆದು ನಿಲ್ಲುತ್ತದೆ. ಸಣ್ಣ ಪ್ಯಾಕೆಟ್ ಹೋಗುತ್ತದೆ, ದೊಡ್ಡದು ಸಿಕ್ಕಿಬೀಳುತ್ತದೆ ಎಂದು ಇದರರ್ಥ. ವೈರ್‌ಗಾರ್ಡ್ ಸಾಮಾನ್ಯವಾಗಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1420 ಬೈಟ್ ಹಿಡಿಯುತ್ತದೆ. ಕೆಲವು ಲೈನುಗಳಲ್ಲಿ ಅಷ್ಟು ಜಾಗ ಇರುವುದಿಲ್ಲ. ಎರಡೂ ತುದಿಯಲ್ಲಿ 1280 ಮಾಡಿದೆ, ಪುಟ ಚಕ್ಕನೆ ತೆರೆಯಿತು.

ಹೊರಗೆ ಕೂತ ಕಾವಲುಗಾರ

ಸುರಂಗ ಇದ್ದ ಮೇಲೆ ಎರಡನೇ ಕೆಲಸ ಪುಕ್ಕಟೆ. ಅಪ್‌ಟೈಮ್ ಕೂಮಾ ಎಂಬ ಓಪನ್ ಸೋರ್ಸ್ ತಂತ್ರಾಂಶವನ್ನು ಸರ್ವರಿನಲ್ಲಿ ಹಾಕಿ, ನಿಮ್ಮ ವೆಬ್‌ಸೈಟ್, ಎಪಿಐ, ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿನ ಅವಧಿ ಎಲ್ಲವನ್ನೂ ನೋಡಿಕೊಳ್ಳಲು ಹೇಳಬಹುದು. ಏನಾದರೂ ಬಿದ್ದರೆ ಟೆಲಿಗ್ರಾಮಿಗೆ ಸುದ್ದಿ. ಒಂದೇ ಷರತ್ತು: ಕಾವಲು ಕಾಯುವ ಸರ್ವರ್ ಮತ್ತು ಕಾಯಿಸಿಕೊಳ್ಳುವ ಸರ್ವರ್ ಒಂದೇ ಕಂಪನಿಯದ್ದಾಗಿರಬಾರದು. ಇಬ್ಬರೂ ಒಟ್ಟಿಗೆ ಮಲಗಿದರೆ ಹೇಳುವವರು ಯಾರು?

ಅದರಲ್ಲಿರುವ 'ಪುಶ್' ಮಾನಿಟರ್ ನನಗೆ ಎಲ್ಲಕ್ಕಿಂತ ಇಷ್ಟ. ಅದು ತಾನಾಗಿ ಹೋಗಿ ವಿಚಾರಿಸುವುದಿಲ್ಲ, ನಿಮ್ಮ ಯಂತ್ರ ಬಂದು ಹಾಜರಿ ಹಾಕಬೇಕು. ಊರಿನ ಪೈ ನಿಮಿಷಕ್ಕೊಮ್ಮೆ ಹಾಜರಿ ಹಾಕುತ್ತದೆ. ಐದು ನಿಮಿಷ ಬಾರದಿದ್ದರೆ ಕರೆಂಟೋ ಇಂಟರ್ನೆಟ್ಟೋ ಹೋಗಿದೆ. ಆಫೀಸಿನ ಕೆಲಸದಲ್ಲೂ ಇದೇ ಉಪಾಯ ಹೊಂದುತ್ತದೆ: ಬ್ಯಾಕಪ್ ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಹಾಜರಿ ಹಾಕಿಸಿ. ಫೇಲ್ ಆದಾಗ ಮೇಲ್ ಕಳಿಸುವ ಸ್ಕ್ರಿಪ್ಟ್, ಓಡಲೇ ಇಲ್ಲದ ದಿನ ಏನನ್ನೂ ಕಳಿಸುವುದಿಲ್ಲವಲ್ಲ.

ಉಳಿದ ಉಪಯೋಗಗಳನ್ನು ಬೇಗ ಹೇಳಿಬಿಡುತ್ತೇನೆ. ಫ್ರೀಲ್ಯಾನ್ಸ್ ಮಾಡುವವರು ಎಸ್‌ಎಸ್‌ಎಚ್ ರಿವರ್ಸ್ ಟನಲ್ ಹಾಕಿ ಲ್ಯಾಪ್‌ಟಾಪಿನಲ್ಲಿರುವ ಆ್ಯಪನ್ನೇ ಗಿರಾಕಿಗೆ ತೋರಿಸಬಹುದು. ಮುಂದೆ ಕ್ಯಾಡಿ ವೆಬ್ ಸರ್ವರ್ ನಿಲ್ಲಿಸಿದರೆ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತರುವುದು, ನವೀಕರಿಸುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಕುಬರ್ನೆಟೀಸ್ (ಹಲವು ಸರ್ವರುಗಳಲ್ಲಿ ಕಂಟೇನರ್ ಓಡಿಸುವ ವ್ಯವಸ್ಥೆ) ಕಲಿಯುವವರು ತಿಂಗಳ ಬಾಡಿಗೆ ಕಟ್ಟಬೇಕಾಗಿಯೇ ಇಲ್ಲ. ಗಂಟೆಗೆ 0.007 ಡಾಲರಿನ ಮೂರು ಸರ್ವರ್ ಶನಿವಾರ ಬೆಳಿಗ್ಗೆ ಎಬ್ಬಿಸಿ, ಅದರ ಹಗುರ ರೂಪವಾದ ಕೆ3ಎಸ್ ಹಾಕಿ, ಬೇಕಾದಂತೆ ಕೆಡಿಸಿ, ಸೋಮವಾರ ಬೆಳಿಗ್ಗೆ ಅಳಿಸಿದರೆ 48 ಗಂಟೆಗೆ ಒಟ್ಟು 1 ಡಾಲರ್ ಆಯಿತು.

ಹಚ್ಚಬಾರದ ಕೆಲಸವೂ ಇದೆ. ಸ್ವಂತ ಮೇಲ್ ಸರ್ವರ್ ಬೇಡ. ಬಹಳ ಕಂಪನಿಗಳು ಹೊರಹೋಗುವ 25ನೇ ಪೋರ್ಟನ್ನೇ ಮುಚ್ಚಿರುತ್ತವೆ, ತೆರೆಸಿಕೊಂಡರೂ ಅಗ್ಗದ ಐಪಿಯಿಂದ ಹೋದ ಪತ್ರ ಸ್ಪ್ಯಾಮಿಗೇ ಬೀಳುತ್ತದೆ. ಆಫೀಸಿನ ಕೋಡು, ಆಫೀಸಿನ ಡೇಟಾ ಎಷ್ಟೇ ಅನುಕೂಲವೆನಿಸಿದರೂ ನಿಮ್ಮ ಸ್ವಂತ ಸರ್ವರಿಗೆ ಬರಬಾರದು. ಕೆಲಸ ಹೋಗುವ ವಿಷಯ ಅದು.

ಡಾಕರ್ ಇದ್ದರೆ ಇದನ್ನು ಬಿಡದೆ ಓದಿ

ಗೆಳೆಯನೊಬ್ಬ ಒಂದು ರಾತ್ರಿ ಫೋನ್ ಮಾಡಿ, "ಸರ್ವರ್ ತೆವಳ್ತಾ ಇದೆ ಮಾರಾಯ, ಒಂದ್ಸಲ ನೋಡು" ಅಂದ. ಸಿಪಿಯು ನೂರಕ್ಕೆ ನೂರು. ಮೇಲೆ ಕೂತಿದ್ದ ಪ್ರೋಸೆಸ್ಸಿನ ಹೆಸರು ಕೆಡೆವ್‌ಟಿಎಂಪಿಎಫ್‌ಎಸ್‌ಐ. ಕೊನೆಯ 'ಐ' ತೆಗೆದರೆ ಅದು ಕರ್ನಲ್ಲಿನ ಅಸಲಿ ಥ್ರೆಡ್ಡಿನ ಹೆಸರು. 'ಐ' ಸೇರಿದರೆ ಕಿನ್ಸಿಂಗ್ ಅನ್ನುವ ಮಾಲ್‌ವೇರ್ ತರುವ ಕ್ರಿಪ್ಟೋ ಮೈನರ್. "ಯುಎಫ್‌ಡಬ್ಲ್ಯುನಲ್ಲಿ ಬರೀ 22, 443 ಬಿಟ್ಟಿದ್ದೆ" ಎಂದು ಅವನು ಆಣೆ ಮಾಡಿದ. ಅದೂ ನಿಜವೇ. ಆದರೆ ಪಾಸ್‌ವರ್ಡಿಲ್ಲದ ರೆಡಿಸ್ ಡೇಟಾಬೇಸನ್ನು ಡಾಕರಿನಲ್ಲಿ (ತಂತ್ರಾಂಶಗಳನ್ನು ಕಂಟೇನರಿನೊಳಗೆ ಓಡಿಸುವ ಸಾಧನ) 6379ನೇ ಪೋರ್ಟಿಗೆ ಪಬ್ಲಿಶ್ ಮಾಡಿದ್ದ. ಡಾಕರ್ ಲಿನಕ್ಸಿನ ಫೈರ್‌ವಾಲ್ ಪಟ್ಟಿಯಾದ ಐಪಿಟೇಬಲ್ಸಿನಲ್ಲಿ ತನ್ನದೇ ನಿಯಮ ಬರೆದುಕೊಳ್ಳುತ್ತದೆ, ಆ ಪೋರ್ಟಿಗೆ ಬರುವವರು ಯುಎಫ್‌ಡಬ್ಲ್ಯು ಕೂತ ಬಾಗಿಲಿಗೆ ಬರುವುದೇ ಇಲ್ಲ.

ಪರಿಹಾರ ಚಿಕ್ಕದು. ಪೋರ್ಟ್ ಬರೆಯುವಲ್ಲೆಲ್ಲ ಮುಂದೆ 127.0.0.1 (ಆ ಯಂತ್ರದೊಳಗಿನವರಿಗೆ ಮಾತ್ರ ಸಿಗುವ ವಿಳಾಸ) ಸೇರಿಸಿ, ಹೊರಗೆ ಮುಖ ತೋರಿಸುವುದು ಕ್ಯಾಡಿ ಮಾತ್ರ ಇರಲಿ. ಮಾಲ್‌ವೇರ್ ಹಿಡಿದ ಸರ್ವರನ್ನು ಶುದ್ಧಿ ಮಾಡಲು ಹೋಗಬೇಡಿ, ಅಳಿಸಿ ಹೊಸದು ಕಟ್ಟಿ. ಕಟ್ಟಿ ಮುಗಿಸಿದ ಮೇಲೆ ಬೇರೆ ಕಡೆಯಿಂದ ಎನ್‌ಮ್ಯಾಪ್ ಓಡಿಸಿ ಯಾವ ಬಾಗಿಲು ತೆರೆದಿದೆ ಎಂದು ಹೊರಗೆ ನಿಂತು ನೋಡಿ.

ಬ್ಯಾಕಪ್, ಬಿಲ್, ಬಿಡುಗಡೆ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ ಅದೇ ಆವರಣದಲ್ಲಿಟ್ಟಿದ್ದವರಲ್ಲಿ ಕೆಲವರಿಗೆ ಅದೂ ಸಿಗಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವವರ ಪಟ್ಟಿಯಲ್ಲಿ ನಾವಿರುವುದು ಬೇಡ. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಉಪಯೋಗಿಸಿ ಬೇರೆ ಕಂಪನಿಯ ಸ್ಟೋರೇಜಿಗೋ ಮನೆಯ ಪೈಗೆ ಸಿಕ್ಕಿಸಿದ ಹಾರ್ಡ್‌ಡಿಸ್ಕಿಗೋ ದಿನಾ ಕಳಿಸಿ, ಸುರಂಗ ಹೇಗೂ ಇದೆ. ರೆಸ್ಟಿಕ್ ಎನ್‌ಕ್ರಿಪ್ಟ್ ಮಾಡಿಯೇ ಇಡುತ್ತದೆ, ಹಾಗಾಗಿ ಅದರ ಪಾಸ್‌ವರ್ಡ್ ಸರ್ವರಿನಲ್ಲಷ್ಟೇ ಇದ್ದರೆ ಸರ್ವರ್ ಜೊತೆಗೇ ಹೋಯಿತು. ಏನೇನು ಹಾಕಿದಿರಿ ಎಂಬುದನ್ನು ಕ್ರಮವಾಗಿ ಒಂದು ಫೈಲಿನಲ್ಲಿ ಬರೆದಿಡಿ. ಸರ್ವರ್ ಸಜ್ಜುಗೊಳಿಸುವ ಕೆಲಸವನ್ನು ತಾನಾಗಿ ಮಾಡುವ ಆನ್ಸಿಬಲ್ ಬಂದರೆ ಒಳ್ಳೆಯದು, ಬಾರದಿದ್ದರೆ ಬರೀ ಟಿಪ್ಪಣಿಯೂ ಸಾಕು. ಆರು ತಿಂಗಳಿಗೊಮ್ಮೆ ಆ ಟಿಪ್ಪಣಿ ನೋಡಿಕೊಂಡೇ ಹೊಸ ಸರ್ವರ್ ಕಟ್ಟಿ, ಬ್ಯಾಕಪ್ಪಿನಿಂದ ಡೇಟಾ ಇಳಿಸಿ. ನಾನು ಹೀಗೆ ಮಾಡಿದ ಮೊದಲ ಸಲ ಟಿಪ್ಪಣಿಯಲ್ಲಿ ಐದು ಹೆಜ್ಜೆ ಬಿಟ್ಟುಹೋಗಿದ್ದವು.

ಹಳೆಯದನ್ನು ಬರೀ ಆಫ್ ಮಾಡಿ ಬಿಟ್ಟರೆ ಬಿಲ್ ನಿಲ್ಲುವುದಿಲ್ಲ. ಡಿಜಿಟಲ್‌ಓಷನ್ನಿನಂಥ ಕಡೆ ಆಫ್ ಇದ್ದರೂ ಡಿಸ್ಕ್ ಮತ್ತು ಐಪಿ ನಿಮಗಾಗಿ ಕಾದಿರಿಸಿದ್ದಕ್ಕೆ ಪೂರ್ತಿ ಬಾಡಿಗೆ ಹಾಕುತ್ತಾರೆ. ಸ್ನ್ಯಾಪ್‌ಶಾಟಿಗೆ (ಉಳಿಸಿಟ್ಟ ಡಿಸ್ಕಿನ ಪ್ರತಿ) ಬೇರೆ ಲೆಕ್ಕ. ಅಮೆಜಾನಿನಲ್ಲಿ 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್, ತಿಂಗಳಿಗೆ 3.6 ಡಾಲರ್ ಹತ್ತಿರ.

ಅಳಿಸುವ ಮುನ್ನ ನಿಮ್ಮ ಡೊಮೇನಿನ ಡಿಎನ್ಎಸ್ ಪಟ್ಟಿಗೆ ಹೋಗಿ ಈ ಸರ್ವರನ್ನು ತೋರಿಸುವ ಸಾಲುಗಳನ್ನು ತೆಗೆಯಿರಿ. ನೀವು ಬಿಟ್ಟ ಐಪಿ ನಾಳೆಯೇ ಇನ್ನೊಬ್ಬರ ಕೈಗೆ ಹೋಗಬಹುದು. ಸಾಲು ಹಾಗೇ ಉಳಿದರೆ ನಿಮ್ಮ ಹೆಸರಿನ ವಿಳಾಸದಲ್ಲಿ ಅವರ ಪುಟ ತೆರೆಯುತ್ತದೆ, ಆ ಹೆಸರಿಗೆ ಸರ್ಟಿಫಿಕೇಟನ್ನೂ ಅವರು ಪಡೆದುಕೊಳ್ಳಬಹುದು. ಪೈಯಲ್ಲೂ ಮನೆಯವರ ಫೋನುಗಳಲ್ಲೂ ಹೊಸ ಐಪಿ ಹಾಕಿ, ಅಂಗಳ ಕಾಣುತ್ತಿದೆಯೇ ಎಂದು ಮೊಬೈಲ್ ಡೇಟಾದಲ್ಲಿ ಒಮ್ಮೆ, ವೈಫೈಯಲ್ಲಿ ಒಮ್ಮೆ ನೋಡಿ. ಆಮೇಲೆ ಹಳೆಯದರ ಡಿಲೀಟ್ ಒತ್ತಿ.